ನಿಜ ಹೆಸರು, ಗುಪ್ತನಾಮ, ಅನಾಮಿಕತೆ: ಸಾಮಾಜಿಕ ಜಾಲತಾಣದಲ್ಲಿ ಯಾವ ಗುರುತು ಯಾರಿಗೆ ಹೊಂದುತ್ತದೆ

ಹೊಸ ಖಾತೆ ತೆರೆಯುವಾಗ ಮೊದಲು ಎದುರಾಗುವ ಖಾಲಿ ಜಾಗ ಹೆಸರಿನದು. ಬಹುತೇಕರು ಅದನ್ನು ಅರ್ಧ ನಿಮಿಷದಲ್ಲಿ ತುಂಬಿ ಮುಂದೆ ಸಾಗುತ್ತಾರೆ. ಮುಂದಿನ ಹತ್ತು ವರ್ಷ ತಾವು ಬರೆಯುವುದು, ಮೆಚ್ಚುವುದು, ವಾದಿಸುವುದು ಎಲ್ಲವೂ ಯಾರ ಲೆಕ್ಕಕ್ಕೆ ಸೇರಬೇಕು ಎಂಬುದು ಆ ಅರ್ಧ ನಿಮಿಷದಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಆ ತೀರ್ಮಾನವನ್ನು ಸ್ವಲ್ಪ ನಿಧಾನವಾಗಿ, ತಿಳಿದು ಮಾಡಲಿ ಎಂಬುದೇ ಈ ಬರಹದ ಉದ್ದೇಶ.

ಆಯ್ಕೆಗಳು ಮೂರು. ಎಲ್ಲರೂ ಕರೆಯುವ ನಿಜ ಹೆಸರಿನಲ್ಲೇ ಇರುವುದು ಒಂದು. ಗುಪ್ತನಾಮವೊಂದನ್ನು ಇಟ್ಟುಕೊಂಡು ವರ್ಷಗಟ್ಟಲೆ ಅದೇ ಹೆಸರಿನಲ್ಲಿ ಬಾಳುವುದು ಇನ್ನೊಂದು. ಯಾವ ಹೆಸರೂ ಉಳಿಯದಂತೆ ಬಂದು, ಹೇಳಬೇಕಾದ್ದನ್ನು ಹೇಳಿ ಹೋಗುವುದು ಮೂರನೆಯದು. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಸಾಮಾನ್ಯವಾಗಿ ನಿಜ ಹೆಸರಿನವರು ಧೈರ್ಯವಂತರು, ಹೆಸರು ಮರೆಸಿದವರು ಪುಕ್ಕಲರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಯ್ಕೆ ಮಾಡುವವರು ನೋಡಬೇಕಾದ ವ್ಯತ್ಯಾಸ ಬೇರೆಯೇ ಇದೆ. ಗುಪ್ತನಾಮದಲ್ಲಿ ಬರೆಯುವವರು ಯಾವ ದಿನ ಬೇಕಾದರೂ ತಮ್ಮ ನಿಜ ಹೆಸರನ್ನು ಹೇಳಿಕೊಳ್ಳಬಹುದು. ನಿಜ ಹೆಸರಿನಲ್ಲಿ ಬರೆದವರು ಆ ಬರಹದಿಂದ ತಮ್ಮ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಾರರು. ಮುಂದೆ ಬರುವ ಹೋಲಿಕೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನಿಜ ಹೆಸರು

ನಿಮ್ಮ ಮಾತಿನ ಬೆಲೆ ನಿಮ್ಮ ಓದು, ಪದವಿ ಅಥವಾ ವೃತ್ತಿಯಿಂದ ಬರುವಂತಿದ್ದರೆ ನಿಜ ಹೆಸರಿಗೆ ಸಾಟಿಯಿಲ್ಲ. ಔಷಧದ ಬಗ್ಗೆ ಬರೆಯುವ ವೈದ್ಯರು, ಕಾಯಿದೆಯನ್ನು ವಿವರಿಸುವ ವಕೀಲರು, ತಮ್ಮ ಸಂಶೋಧನೆಯನ್ನು ಮುಂದಿಡುವ ವಿದ್ವಾಂಸರು ಹೆಸರಿಲ್ಲದೆ ಮಾತನಾಡಿದರೆ ಓದುಗರಿಗೆ ಅವರನ್ನು ನಂಬಲು ಆಧಾರವಿರುವುದಿಲ್ಲ, ಅವರ ವರ್ಷಗಳ ಶ್ರಮ ಅವರ ಖಾತೆಗೆ ಜಮೆಯಾಗುವುದೂ ಇಲ್ಲ. ಕೆಲಸ ಹುಡುಕುವವರ ಮಟ್ಟಿಗೂ ಇದು ನಿಜ. ಲಿಂಕ್ಡ್‌ಇನ್‌ನಂಥ ವೃತ್ತಿ ಜಾಲತಾಣ ನಿಜ ಹೆಸರನ್ನೇ ಬಯಸುತ್ತದೆ, ಅಲ್ಲಿ ಗುಪ್ತನಾಮಕ್ಕೆ ಅರ್ಥವೂ ಇಲ್ಲ. ಇನ್ನೊಂದು ಲಾಭವನ್ನು ಹಲವರು ಮರೆಯುತ್ತಾರೆ. ನಿಮ್ಮ ಹೆಸರಿನಲ್ಲಿ ನೀವೇ ಒಂದು ಖಾತೆ ತೆರೆದು, ಅದರಲ್ಲಿ ಎರಡೇ ಸಾಲು ಬರೆದಿಟ್ಟರೂ, ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆಯುವವರನ್ನು ಗುರುತಿಸುವುದು ಉಳಿದವರಿಗೆ ಸುಲಭವಾಗುತ್ತದೆ.

ಆದರೆ ನಿಜ ಹೆಸರಿನ ಪರವಾಗಿ ಹೇಳುವ ಎಲ್ಲ ಮಾತುಗಳೂ ಪರೀಕ್ಷೆಯಲ್ಲಿ ನಿಂತಿಲ್ಲ. ಹೆಸರು ಕಡ್ಡಾಯ ಮಾಡಿದರೆ ಜನ ಸಭ್ಯವಾಗಿ ಮಾತನಾಡುತ್ತಾರೆ ಎಂಬ ನಂಬಿಕೆಯನ್ನು ದಕ್ಷಿಣ ಕೊರಿಯಾ ಕಾನೂನಿನ ಮಟ್ಟದಲ್ಲೇ ಪ್ರಯೋಗಿಸಿ ನೋಡಿತು. 2007ರಿಂದ ಅಲ್ಲಿನ ದೊಡ್ಡ ತಾಣಗಳಲ್ಲಿ ಅಭಿಪ್ರಾಯ ಬರೆಯುವವರು ಮೊದಲು ತಮ್ಮ ಗುರುತನ್ನು ದೃಢಪಡಿಸಬೇಕಿತ್ತು. ತಾಣಗಳು ಹೀಗೆ ಜನರ ಗುರುತಿನ ವಿವರಗಳನ್ನು ರಾಶಿ ಹಾಕಿಕೊಂಡಿದ್ದ ಕಾಲದಲ್ಲೇ, 2011ರಲ್ಲಿ, ಅಲ್ಲಿನ ಒಂದು ದೊಡ್ಡ ಜಾಲತಾಣ ಸಂಸ್ಥೆಯಿಂದ ಸುಮಾರು 3.5 ಕೋಟಿ ಬಳಕೆದಾರರ ವಿವರಗಳು ಕಳುವಾದವು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ನಿಯಮವನ್ನು ಸರ್ವಾನುಮತದಿಂದ ರದ್ದುಪಡಿಸಿತು. 2011ರಲ್ಲಿ ಆರಂಭವಾದ, ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ ಕೂಡ ನಿಜ ಹೆಸರಿಗೇ ಪಟ್ಟುಹಿಡಿದು, ಮೂರು ವರ್ಷ ಟೀಕೆ ಎದುರಿಸಿ, 2014ರ ಜುಲೈನಲ್ಲಿ ಆ ನಿರ್ಬಂಧವನ್ನು ಕೈಬಿಟ್ಟಿತು. ಅದೇ ವರ್ಷ ಫೇಸ್‌ಬುಕ್, ರಂಗದ ಹೆಸರಿನಿಂದಲೇ ತಮ್ಮ ಸಮುದಾಯದಲ್ಲಿ ಪರಿಚಿತರಾಗಿದ್ದ ಕಲಾವಿದರ ಖಾತೆಗಳನ್ನು ತಡೆಹಿಡಿದಾಗ ದೊಡ್ಡ ಪ್ರತಿಭಟನೆಯಾಗಿ, ಸಂಸ್ಥೆಯ ಹಿರಿಯ ಅಧಿಕಾರಿ ಕ್ರಿಸ್ ಕಾಕ್ಸ್ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ದಾಖಲೆಯಲ್ಲಿರುವ ಹೆಸರೇ ಮನುಷ್ಯನ ನಿಜವಾದ ಹೆಸರು ಎಂಬ ಊಹೆ ಎಷ್ಟು ಜನರ ಬದುಕಿಗೆ ಹೊಂದುವುದಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ನಿಜ ಹೆಸರಿನ ದೊಡ್ಡ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಇಪ್ಪತ್ತನೆಯ ವಯಸ್ಸಿನಲ್ಲಿ ಗೆಳೆಯರ ಗುಂಪಿಗೆಂದು ಬರೆದ ಸಾಲನ್ನು ಮೂವತ್ತೈದರಲ್ಲಿ ಮೇಲಧಿಕಾರಿ ಓದುತ್ತಾರೆ, ಮದುವೆಯ ಮಾತುಕತೆಗೆ ಬಂದವರು ಓದುತ್ತಾರೆ, ಜಗಳ ಕಾಯಲೆಂದೇ ಹುಡುಕುವವರೂ ಓದುತ್ತಾರೆ. ಎದುರುಬದುರಿನ ಬದುಕಿನಲ್ಲಿ ನಾವು ಹಿರಿಯರ ಮುಂದೊಂದು ಬಗೆ, ಗೆಳೆಯರ ಮುಂದೊಂದು ಬಗೆ ಮಾತನಾಡುತ್ತೇವೆ, ಅದು ಕಪಟವಲ್ಲ, ನಡವಳಿಕೆಯ ತಿಳಿವಳಿಕೆ. ಜಾಲದಲ್ಲಿ ಆ ಎಲ್ಲ ಸಭೆಗಳೂ ಒಂದೇ ಅಂಗಳದಲ್ಲಿ ಕೂಡುತ್ತವೆ. ಅಳಿಸಿಬಿಡುತ್ತೇನೆ ಎನ್ನುವವರು ಸ್ಕ್ರೀನ್‌ಶಾಟ್‌ಗಳನ್ನೂ, ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್‌ನಂಥ ಸಂಗ್ರಹಗಳನ್ನೂ ನೆನಪಿಟ್ಟುಕೊಳ್ಳಬೇಕು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಮೇ 13ರಂದು ಗೂಗಲ್ ವಿರುದ್ಧದ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಮರೆಯಲ್ಪಡುವ ಹಕ್ಕು ಎಂದು ಕರೆಯುವುದು ರೂಢಿಯಾಗಿದೆ, ಆದರೆ ಆ ತೀರ್ಪು ಕೊಟ್ಟದ್ದು ಒಬ್ಬರ ಹೆಸರನ್ನು ಹುಡುಕಿದಾಗ ಬರುವ ಫಲಿತಾಂಶಗಳಿಂದ ಕೆಲವು ಕೊಂಡಿಗಳನ್ನು ತೆಗೆಸುವ ಅವಕಾಶವನ್ನು ಮಾತ್ರ. ಮೂಲ ಪುಟ ಇದ್ದಲ್ಲೇ ಇರುತ್ತದೆ.

ಹೆಸರಿನ ಪಕ್ಕದ ನೀಲಿ ಗುರುತಿನ ಬಗ್ಗೆಯೂ ಒಂದು ಮಾತು. ಟ್ವಿಟರ್ (ಈಗಿನ ಎಕ್ಸ್) ಅದನ್ನು 2009ರಲ್ಲಿ ಆರಂಭಿಸಿದ್ದು ನಕಲಿಗಳಿಂದ ಅಸಲಿಯನ್ನು ಬೇರ್ಪಡಿಸಲು. 2022ರ ನವೆಂಬರ್‌ನಲ್ಲಿ ಅದು ಹಣ ಕೊಟ್ಟವರಿಗೆಲ್ಲ ಸಿಗತೊಡಗಿದಾಗ, ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ಆ ಗುರುತಿನೊಂದಿಗೇ ಇನ್ಸುಲಿನ್ ಇನ್ನು ಉಚಿತ ಎಂದು ಪ್ರಕಟಿಸಿತು. ಗುರುತಿಗಿಂತ ಹೆಚ್ಚು ನಂಬಬಹುದಾದದ್ದು ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನಲ್ಲಿ ನೋಂದಾಯಿಸಿದ ಜಾಲವಿಳಾಸ. ಟ್ವಿಟರ್‌ನಂಥದೇ ತಾಣವಾದ ಬ್ಲೂಸ್ಕೈಯಲ್ಲಿ ನಿಮ್ಮ ಡೊಮೇನನ್ನೇ ಬಳಕೆದಾರ ಹೆಸರಾಗಿ ಇಟ್ಟುಕೊಳ್ಳಬಹುದು. ಬೇರೆಬೇರೆಯವರು ನಡೆಸುವ ಸರ್ವರ್‌ಗಳ ಜಾಲವಾದ ಮ್ಯಾಸ್ಟಡಾನ್‌ನಲ್ಲಿ ನಿಮ್ಮ ಜಾಲಪುಟದಿಂದ ಪ್ರೊಫೈಲ್‌ಗೆ ಒಂದು ಕೊಂಡಿ ಕೊಟ್ಟರೆ ಆ ಪುಟ ನಿಮ್ಮದೇ ಎಂಬ ಹಸಿರು ಗುರುತು ಸಿಗುತ್ತದೆ. ವೃತ್ತಿಯ ಕಾರಣಕ್ಕೆ ನಿಜ ಹೆಸರಿನಲ್ಲಿ ಇರುವವರು ಈ ದಾರಿ ಹಿಡಿಯುವುದು ಒಳಿತು.

ಸ್ಥಿರವಾದ ಗುಪ್ತನಾಮ

ಮೂರರಲ್ಲಿ ಹೆಚ್ಚು ತಪ್ಪು ತಿಳಿಯಲಾದದ್ದು ಇದು. ಫೇಕ್ ಅಕೌಂಟ್ ಎಂಬ ಒಂದೇ ಮಾತಿನಲ್ಲಿ ಎರಡು ತೀರ ಬೇರೆ ಸಂಗತಿಗಳನ್ನು ಕಲಸುತ್ತೇವೆ. ಇನ್ನೊಬ್ಬರ ಹೆಸರು, ಚಿತ್ರ ಹಾಕಿಕೊಂಡು ಅವರಂತೆ ನಟಿಸುವುದು ವಂಚನೆ. ತನ್ನದೇ ಒಂದು ಹೊಸ ಹೆಸರು ಆಯ್ದುಕೊಂಡು, ಅದನ್ನು ಬದಲಿಸದೆ, ಅದರ ಕೆಳಗೆ ಬರೆದದ್ದಕ್ಕೆ ಅದೇ ಹೆಸರಿನಲ್ಲಿ ಉತ್ತರ ಕೊಡುತ್ತ ಇರುವುದು ಗುಪ್ತನಾಮ. ಕಾವ್ಯನಾಮವನ್ನು ಬಲ್ಲ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷ ಒಂದೇ ಗುಪ್ತನಾಮದಲ್ಲಿ ಗಿಡಗಳ ರೋಗದ ಬಗ್ಗೆ ಸರಿಯಾದ ಸಲಹೆ ಕೊಡುತ್ತ ಬಂದವರ ಮಾತಿಗೆ ಬೆಲೆಯಿರುತ್ತದೆ, ಅವರು ತಪ್ಪಿದರೆ ಆ ಬೆಲೆ ಇಳಿಯುತ್ತದೆ, ಹಾಗೆ ಇಳಿಯದಂತೆ ನೋಡಿಕೊಳ್ಳುವ ಜವಾಬ್ದಾರಿ ಅವರಿಗೂ ಇರುತ್ತದೆ. ಕಾಯಿಲೆ, ಮುರಿದ ಸಂಸಾರ, ನಂಬಿಕೆಯ ಬದಲಾವಣೆ, ಕೆಲಸದ ಜಾಗದ ಕಿರುಕುಳ ಇವುಗಳ ಬಗ್ಗೆ ಮನಬಿಚ್ಚಿ ಮಾತನಾಡಲು ಜನಕ್ಕೆ ಒಂದು ತಾಣ ಬೇಕು, ಅಲ್ಲಿ ಅವರಿಗೆ ಪರಿಚಿತ ಮುಖಗಳೂ ಬೇಕು. ಎರಡನ್ನೂ ಕೊಡುವುದು ಗುಪ್ತನಾಮ ಒಂದೇ.

ಅದರ ದೌರ್ಬಲ್ಯ ಎಳೆಗಳಲ್ಲಿದೆ. ಗುಪ್ತನಾಮವನ್ನು ನಿಜ ಹೆಸರಿಗೆ ಕಟ್ಟುವ ಒಂದೇ ಒಂದು ಎಳೆ ಸಿಕ್ಕರೂ ಅದುವರೆಗೆ ಬರೆದದ್ದೆಲ್ಲ ಒಟ್ಟಿಗೆ ಬಯಲಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನದೇ ಗುಪ್ತನಾಮದ ಖಾತೆಯೊಂದನ್ನು ಹೊರಗಿನವರ ಕಣ್ಣಿನಿಂದ ಪರೀಕ್ಷಿಸಲು ಒಂದು ಸಂಜೆ ಕುಳಿತೆ. ಹೆಸರನ್ನಾಗಲಿ ಕೆಲಸವನ್ನಾಗಲಿ ಅಲ್ಲಿ ಎಂದೂ ಹೇಳಿರಲಿಲ್ಲವಾದ್ದರಿಂದ ನಿಶ್ಚಿಂತೆಯಿಂದಲೇ ಆರಂಭಿಸಿದೆ. ಪ್ರೊಫೈಲ್‌ನ ಹೂವಿನ ಚಿತ್ರವನ್ನು ಚಿತ್ರಗಳ ಹುಡುಕಾಟಕ್ಕೆ ಹಾಕಿದಾಗ ಮೊದಲ ಪುಟದಲ್ಲೇ ನನ್ನ ನಿಜ ಹೆಸರಿನ ಹಳೆಯ ಖಾತೆ ಬಂತು. ಅದೇ ಹೂವನ್ನು ಅಲ್ಲಿಯೂ ಬಳಸಿದ್ದು ಮರೆತೇಹೋಗಿತ್ತು. ಓದುತ್ತಿದ್ದ ಪುಸ್ತಕದ ಒಂದು ಚಿತ್ರ ಹಾಕಿದ್ದೆ. ಅದನ್ನು ಹಿಗ್ಗಿಸಿದಾಗ ಮೂಲೆಯಲ್ಲಿ ಐಡಿ ಕಾರ್ಡಿನ ಪಟ್ಟಿ ಸುರುಳಿ ಸುತ್ತಿ ಬಿದ್ದಿತ್ತು, ಅದರ ಮೇಲೆ ಅಚ್ಚಾದ ಕಚೇರಿಯ ಹೆಸರಿನ ಅರ್ಧ ಭಾಗ ಓದುವಂತಿತ್ತು. ಮೂರನೆಯದು ನನ್ನನ್ನು ಹೆಚ್ಚು ಬೆಚ್ಚಿಸಿತು. ಎರಡೂ ಖಾತೆಗಳಲ್ಲಿ ನಾನು ಹೊಸ ಮಾತನ್ನು "ಇಷ್ಟಕ್ಕೂ ಸಂಗತಿ ಏನೆಂದರೆ" ಎಂದೇ ಆರಂಭಿಸುತ್ತಿದ್ದೆ, ನನ್ನನ್ನು ಬಲ್ಲ ಯಾರಿಗಾದರೂ ಅಷ್ಟೇ ಸಾಕಿತ್ತು. ಆ ಖಾತೆಯನ್ನು ಆ ವಾರವೇ ಮುಚ್ಚಿದೆ.

ನನ್ನ ಕಣ್ಣಿಗೆ ಬಿದ್ದವು ಈ ಮೂರು. ಜನ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇನ್ನೂ ಸರಳವಾದ ಎಳೆಯಿಂದ, ಅಂದರೆ ಮೊಬೈಲ್ ನಂಬರಿನಿಂದ. ನಿಮ್ಮ ನಂಬರು ಇರುವ ಯಾರಾದರೂ ತಮ್ಮ ಫೋನಿನ ಸಂಪರ್ಕ ಪಟ್ಟಿಯನ್ನು ಆ್ಯಪ್‌ಗೆ ಒಪ್ಪಿಸಿದರೆ, ಇವರು ನಿಮಗೆ ಪರಿಚಯವಿರಬಹುದು ಎಂದು ನಿಮ್ಮ ಗುಪ್ತನಾಮದ ಖಾತೆಯನ್ನು ಅವರಿಗೆ ತೋರಿಸುವ ಸಂಭವವಿದೆ. ಟ್ವಿಟರ್‌ನಲ್ಲಿ 2022ರ ಜನವರಿಯವರೆಗೆ ಇದ್ದ ಒಂದು ದೋಷದಿಂದ, ಫೋನ್ ನಂಬರ್ ಅಥವಾ ಇಮೇಲ್ ಕೊಟ್ಟರೆ ಅದು ಯಾವ ಖಾತೆಗೆ ಸೇರಿದ್ದು ಎಂದು ಯಾರು ಬೇಕಾದರೂ ತಿಳಿಯಬಹುದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಸಂಸ್ಥೆಯೇ ಇದನ್ನು ಒಪ್ಪಿಕೊಂಡು, ಗುಪ್ತನಾಮದಲ್ಲಿ ಇರುವವರು ಎಲ್ಲರಿಗೂ ತಿಳಿದಿರುವ ನಂಬರನ್ನಾಗಲಿ ಇಮೇಲನ್ನಾಗಲಿ ಖಾತೆಗೆ ಸೇರಿಸಬಾರದು ಎಂದು ಸಲಹೆ ನೀಡಿತು. ಸುರಕ್ಷತೆಗೆಂದು ಕೊಟ್ಟ ನಂಬರು ಸುರಕ್ಷತೆಗೆ ಮಾತ್ರ ಬಳಕೆಯಾಗುತ್ತದೆ ಎಂದೂ ನಂಬುವಂತಿಲ್ಲ. ಹಾಗೆ ಪಡೆದ ನಂಬರುಗಳನ್ನು ಜಾಹೀರಾತಿಗೆ ಬಳಸಿದ್ದಕ್ಕಾಗಿ ಅದೇ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರಕ್ಕೆ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು.

ಆದ್ದರಿಂದ ಗುಪ್ತನಾಮ ಆಯ್ದುಕೊಳ್ಳುವವರು ಮೊದಲ ದಿನವೇ ಮಾಡಬೇಕಾದ ಕೆಲಸಗಳಿವೆ, ಇವು ಆಮೇಲೆ ಮಾಡಿದರೆ ಅಷ್ಟಾಗಿ ಫಲ ಕೊಡುವುದಿಲ್ಲ. ಆ ಹೆಸರಿಗೆಂದೇ ಒಂದು ಇಮೇಲ್ ತೆರೆಯಬೇಕು. ಎರಡನೆಯ ಹಂತದ ಭದ್ರತೆಗೆ ಎಸ್‌ಎಂಎಸ್ ಬದಲು ಫೋನಿನಲ್ಲೇ ಸಂಕೇತ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ವರ್ಡ್ ಬದಲು ಫೋನಿನಲ್ಲೇ ಇರುವ ಕೀಲಿಯಾದ ಪಾಸ್‌ಕೀ ಬಳಸಬೇಕು. ಸಂಪರ್ಕ ಪಟ್ಟಿಗೆ ಅನುಮತಿ ನಿರಾಕರಿಸಬೇಕು. ಎಲ್ಲಿಯೂ ಬಳಸದ ಹೆಸರು, ಎಲ್ಲಿಯೂ ಹಾಕದ ಚಿತ್ರ ಆರಿಸಬೇಕು. ಚಿತ್ರಗಳ ಒಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ದೊಡ್ಡ ಜಾಲತಾಣಗಳು ಪ್ರಕಟಿಸುವಾಗ ಸಾಮಾನ್ಯವಾಗಿ ತೆಗೆಯುತ್ತವಾದರೂ, ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಥವಾ ಸ್ವಂತ ಪುಟಕ್ಕೆ ಏರಿಸಿದರೆ ಅದು ಹಾಗೆಯೇ ಉಳಿಯುತ್ತದೆ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ತಂತ್ರಾಂಶದ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂದು ಲೋಕಕ್ಕೆ ತಿಳಿದದ್ದು, ಅವರ ಜತೆಗಿದ್ದ ಪತ್ರಕರ್ತರು ಪ್ರಕಟಿಸಿದ ಫೋನ್ ಚಿತ್ರದೊಳಗಿನ ಜಿಪಿಎಸ್ ಅಂಕಿಗಳಿಂದ. ಇವೆಲ್ಲಕ್ಕಿಂತ ಕಷ್ಟವಾದದ್ದು ನಾಲಗೆಯ ಸಂಯಮ. ಇದು ನಾನೇ ಎಂದು ಒಬ್ಬ ಗೆಳೆಯರಿಗೆ ಹೇಳಿದ ದಿನದಿಂದ ನಿಮ್ಮ ಗುಟ್ಟಿನ ಕಾವಲು ಅವರ ಕೈಯಲ್ಲೂ ಇರುತ್ತದೆ.

ಕಾನೂನಿನ ಮುಂದೆ ಗುಪ್ತನಾಮ ರಕ್ಷಣೆಯಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಸಂಸ್ಥೆಯ ಬಳಿ ಇರುವ ದಾಖಲೆಗಳನ್ನು ನ್ಯಾಯಾಲಯ ಕೇಳಿ ಪಡೆಯಬಹುದು. ನೆರೆಹೊರೆಯ ಕುತೂಹಲ, ಕಚೇರಿಯ ಹರಟೆ, ಹಗೆ ಸಾಧಿಸುವವರ ಹುಡುಕಾಟ ಇವುಗಳಿಂದ ಅದು ಮರೆ ಕೊಡುತ್ತದೆ, ಹೆಚ್ಚಿನವರಿಗೆ ಬೇಕಾಗಿರುವುದೂ ಅಷ್ಟೇ.

ಅನಾಮಿಕತೆ

ಒಂದೇ ಬಾರಿ ಕೇಳಬೇಕಾದ ಪ್ರಶ್ನೆ, ಒಂದೇ ಬಾರಿ ಹೇಳಬೇಕಾದ ದೂರು, ಹೇಳಿದ್ದು ಯಾರೆಂದು ತಿಳಿದರೆ ಅಪಾಯವಾಗುವ ಸಂಗತಿ ಇಂಥವುಗಳಿಗೆ ಅನಾಮಿಕತೆ ಬೇಕೇ ಬೇಕು. ದಿನನಿತ್ಯದ ಒಡನಾಟಕ್ಕೆ ಅದು ಒದಗುವುದಿಲ್ಲ, ಏಕೆಂದರೆ ನಿನ್ನೆ ಸರಿಯಾಗಿ ಹೇಳಿದವರೂ ಇಂದು ತಪ್ಪು ಹೇಳುತ್ತಿರುವವರೂ ಒಬ್ಬರೇ ಎಂದು ತಿಳಿಯುವ ದಾರಿಯೇ ಇಲ್ಲದಲ್ಲಿ ನಂಬಿಕೆ ಬೆಳೆಯುವುದಿಲ್ಲ.

ಖಾತೆ ತೆರೆಯದಿದ್ದರೆ ಅನಾಮಿಕರಾಗಿರುತ್ತೇವೆ ಎಂಬುದು ತಪ್ಪು ಎಣಿಕೆ. ವಿಕಿಪೀಡಿಯದಲ್ಲಿ ಬಹಳ ವರ್ಷ, ಲಾಗಿನ್ ಆಗದೆ ಪುಟ ತಿದ್ದಿದವರ ಐಪಿ ವಿಳಾಸ (ಅವರ ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಎಲ್ಲರಿಗೂ ಕಾಣುವಂತೆ ಪುಟದ ಇತಿಹಾಸದಲ್ಲಿ ದಾಖಲಾಗುತ್ತಿತ್ತು. ಗುಪ್ತನಾಮದಲ್ಲಿ ಖಾತೆ ತೆರೆದವರು ಆ ಸಾರ್ವಜನಿಕ ದಾಖಲೆಯಿಂದ ಉಳಿದುಕೊಳ್ಳುತ್ತಿದ್ದರು. ಹೆಸರು ತೆಗೆದ ಮಾಹಿತಿಯೂ ಮಾತನಾಡುತ್ತದೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಅಂತರಜಾಲ ಸಂಸ್ಥೆ ಎಒಎಲ್ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಸಂಶೋಧನೆಗೆಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಆ ಸಂಖ್ಯೆಗಳಲ್ಲೊಂದರ ಹಿಂದಿದ್ದ ವ್ಯಕ್ತಿಯ ಮನೆಯ ಬಾಗಿಲು ತಟ್ಟಿದ್ದರು. ಅಂಚೆ ಸಂಕೇತ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ವಿವರಗಳಿಂದ ಅಮೆರಿಕದ ಸುಮಾರು ಶೇ. 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂದು ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ತೋರಿಸಿದ್ದರು. ಜಾಹೀರಾತುಗಳಲ್ಲಿ ಕಾಣುವ ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸಂಸ್ಥೆಯ ಸರ್ವರ್ ಮೂಲಕ ಕಳಿಸುವ ಸೇವೆ), ನಿಮ್ಮನ್ನು ಕಾಣುವ ಅಧಿಕಾರವನ್ನು ನಿಮ್ಮ ಇಂಟರ್‌ನೆಟ್ ಸಂಸ್ಥೆಯಿಂದ ವಿಪಿಎನ್ ಸಂಸ್ಥೆಗೆ ದಾಟಿಸುತ್ತದೆ, ಅಷ್ಟೆ. ಸಂಪರ್ಕವನ್ನು ಹಲವು ಸರ್ವರ್‌ಗಳ ಮೂಲಕ ದಾಟಿಸುವ ಟಾರ್ ಅದಕ್ಕಿಂತ ಗಟ್ಟಿಯಾದ ಮರೆ, ಆದರೆ ಅದರೊಳಗೆ ಹೋಗಿ ನಿಮ್ಮ ಹಳೆಯ ಖಾತೆಗೇ ಲಾಗಿನ್ ಆದರೆ ಪ್ರಯೋಜನವಿಲ್ಲ.

ತಾಣಕ್ಕೆ ತಕ್ಕ ಗುರುತು

ಯಾವ ಗುರುತು ಎಂಬುದನ್ನು ನಿರ್ಧರಿಸಿದ ಮೇಲೆ ಅದಕ್ಕೆ ಹೊಂದುವ ತಾಣವನ್ನು ಆರಿಸಬೇಕು, ಹಲವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಫೇಸ್‌ಬುಕ್‌ನ ಮುಖ್ಯ ಪ್ರೊಫೈಲ್ ನಿಜ ಬದುಕಿನ ಹೆಸರಿಗೇ ಕಟ್ಟುಬಿದ್ದಿದೆ. 2023ರ ಸೆಪ್ಟೆಂಬರ್‌ನಿಂದ ಒಂದೇ ಖಾತೆಯಡಿ ಇನ್ನೂ ನಾಲ್ಕು ಪ್ರೊಫೈಲ್ ತೆರೆಯಲು ಅವಕಾಶ ಕೊಟ್ಟಿದ್ದಾರಾದರೂ, ಅವೆಲ್ಲ ಒಬ್ಬರವೇ ಎಂಬುದು ಸಂಸ್ಥೆಗೆ ತಿಳಿದೇ ಇರುತ್ತದೆ. ವಿಷಯಕ್ಕೊಂದು ಚರ್ಚಾ ಗುಂಪು ಇರುವ ರೆಡಿಟ್ ಗುಪ್ತನಾಮಕ್ಕೆ ಹೇಳಿ ಮಾಡಿಸಿದ ತಾಣ, ಆದರೆ ಒಂದೇ ಹೆಸರಿನಲ್ಲಿ ಆರೋಗ್ಯದ ಗುಂಪಿನಲ್ಲೂ ನಿಮ್ಮ ವೃತ್ತಿಯ ಗುಂಪಿನಲ್ಲೂ ಬರೆಯುತ್ತ ಹೋದರೆ ಚೂರುಗಳನ್ನು ಜೋಡಿಸುವವರಿಗೆ ನೀವೇ ಸಹಾಯ ಮಾಡಿದಂತೆ. ಮ್ಯಾಸ್ಟಡಾನ್‌ನಲ್ಲಿ ಜಾಹೀರಾತಿನ ಕಣ್ಗಾವಲಿಲ್ಲ. ಅಲ್ಲಿನ ನೇರ ಸಂದೇಶಗಳಿಗೆ ಆದಿಯಿಂದ ಅಂತ್ಯದವರೆಗಿನ ಗೂಢಲಿಪಿ (ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಏರ್ಪಾಡು) ಇಲ್ಲದಿರುವುದರಿಂದ ಸರ್ವರ್ ನಡೆಸುವವರು ಬಯಸಿದರೆ ಅವನ್ನು ಓದಬಲ್ಲರು. ಬ್ಲೂಸ್ಕೈಯಲ್ಲಿ ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ ಎಂಬುದೂ ಸಾರ್ವಜನಿಕ ಮಾಹಿತಿ, ಕಿರುಕುಳದಿಂದ ತಪ್ಪಿಸಿಕೊಂಡು ಬಂದವರು ಇದನ್ನು ಮೊದಲೇ ತಿಳಿದಿರಬೇಕು.

ಮಾತುಕತೆಯ ಆ್ಯಪ್‌ಗಳಲ್ಲಿ ವ್ಯತ್ಯಾಸ ಇನ್ನೂ ತೀಕ್ಷ್ಣ. ವಾಟ್ಸ್ಆ್ಯಪ್ ಸಂದೇಶದ ಒಳಗಿನ ಮಾತನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅಪರಿಚಿತರ ಗುಂಪಿಗೆ ಸೇರಿದರೆ ನಿಮ್ಮ ನಂಬರು ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಮ್ ನಂಬರನ್ನು ಮರೆಸಲು ಬಿಡುತ್ತದೆ, ಆದರೆ ಅದರ ಸಾಮಾನ್ಯ ಚಾಟ್‌ಗಳಿಗೆ ವಾಟ್ಸ್ಆ್ಯಪ್‌ನಂಥ ಗೂಢಲಿಪಿ ಇಲ್ಲ. ಸಿಗ್ನಲ್ 2024ರಿಂದ ಬಳಕೆದಾರ ಹೆಸರಿನ ಸೌಲಭ್ಯ ಕೊಟ್ಟಿದೆ. ನೋಂದಣಿಗೆ ನಂಬರು ಬೇಕಾದರೂ ಎದುರಿನವರಿಗೆ ಅದನ್ನು ತೋರಿಸಬೇಕಾಗಿಲ್ಲ. ಗುಪ್ತನಾಮದಲ್ಲಿ ಪರಿಚಯವಾದವರೊಂದಿಗೆ ಮಾತು ಮುಂದುವರಿಸಲು ಇವುಗಳಲ್ಲಿ ನಾನು ಆರಿಸುವುದು ಸಿಗ್ನಲ್ಲನ್ನೇ.

ನನ್ನ ತೀರ್ಮಾನ

ವೃತ್ತಿಗೊಂದು, ಮನಸ್ಸಿಗೊಂದು ಎಂಬಂತೆ ಎರಡು ಗುರುತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಒಪ್ಪುತ್ತದೆ. ನಿಜ ಹೆಸರಿನಲ್ಲಿ ಕಡಿಮೆ ಬರೆಯಿರಿ, ಬರೆದದ್ದನ್ನು ಹತ್ತು ವರ್ಷದ ನಂತರವೂ ಒಪ್ಪಿಕೊಳ್ಳುವಂತೆ ಬರೆಯಿರಿ. ಉಳಿದ ಮಾತಿಗೆಲ್ಲ ಒಂದೇ ಗುಪ್ತನಾಮವಿರಲಿ. ಮೂರು ನಾಲ್ಕು ಗುಪ್ತನಾಮಗಳನ್ನು ಸಾಕುವುದು ಕಷ್ಟ, ಯಾವುದರಲ್ಲಿ ಯಾರಿಗೆ ಏನು ಹೇಳಿದೆವೆಂಬುದು ತಪ್ಪಿಹೋಗಿ ಎಳೆಗಳು ಕೂಡುವುದು ಆಗಲೇ. ಹದಿಹರೆಯದವರಿಗೆ ಮಾತ್ರ ನಾನು ಅನುಮಾನವಿಲ್ಲದೆ ಗುಪ್ತನಾಮವನ್ನೇ ಸೂಚಿಸುತ್ತೇನೆ. ತಾವು ಯಾರೆಂದು ಇನ್ನೂ ಕಂಡುಕೊಳ್ಳುತ್ತಿರುವ ವಯಸ್ಸಿನ ಮಾತುಗಳು ಜೀವನಪೂರ್ತಿ ಅವರ ಹೆಸರಿಗೆ ಅಂಟಿಕೊಳ್ಳುವುದು ಅನ್ಯಾಯ.

ಈಗಾಗಲೇ ನಿಜ ಹೆಸರಿನಲ್ಲಿ ಬಹಳಷ್ಟು ಬರೆದಿದ್ದರೆ, ಅದೇ ಖಾತೆಯ ಹೆಸರು ಬದಲಿಸಿ ಗುಪ್ತನಾಮ ಮಾಡಿಕೊಳ್ಳಬೇಡಿ. ಹಳೆಯ ಗೆಳೆಯರ ಪಟ್ಟಿ, ಹಳೆಯ ಕೊಂಡಿಗಳು, ಬೇರೆಯವರು ನಿಮ್ಮನ್ನು ಹೆಸರಿಟ್ಟು ಕರೆದ ಉತ್ತರಗಳು ಎಲ್ಲವೂ ಅಲ್ಲೇ ಇರುತ್ತವೆ. ಗುಪ್ತನಾಮವನ್ನು ಹೊಸದಾಗಿಯೇ ತೆರೆಯಬೇಕು. ಹಳೆಯದನ್ನು ಮುಚ್ಚುವಾಗ ಕ್ರಮವೂ ಮುಖ್ಯ. ರೆಡಿಟ್‌ನಲ್ಲಿ ಖಾತೆಯನ್ನು ಅಳಿಸಿದರೂ ಪೋಸ್ಟ್‌ಗಳು ಹೆಸರಿಲ್ಲದೆ ಉಳಿಯುತ್ತವೆ, ಆಮೇಲೆ ಅವನ್ನು ತೆಗೆಯಲು ನಿಮಗೆ ಅಧಿಕಾರವಿರುವುದಿಲ್ಲ. ಮೊದಲು ಮಾಹಿತಿಯ ಪ್ರತಿ ಇಳಿಸಿಕೊಂಡು, ಪೋಸ್ಟ್‌ಗಳನ್ನು ಅಳಿಸಿ, ಖಾತೆಯನ್ನು ಕೊನೆಗೆ ಮುಚ್ಚಬೇಕು.

ಗುಪ್ತನಾಮದಲ್ಲಿ ಇದ್ದವರು ಒಂದು ದಿನ ನಿಜ ಹೆಸರು ಹೇಳಿಕೊಳ್ಳಲು ಬಯಸಿದರೆ ಮೊದಲ ಪೋಸ್ಟ್‌ನಿಂದ ಎಲ್ಲವನ್ನೂ ಒಮ್ಮೆ ಓದಬೇಕು. ಓದುವಾಗ ನಿಮ್ಮ ಬಗ್ಗೆ ಬರೆದದ್ದಕ್ಕಿಂತ ಬೇರೆಯವರ ಬಗ್ಗೆ ಬರೆದದ್ದನ್ನು ಹುಡುಕಿ. ಹೆಸರು ಹೇಳದೆ ತಂಗಿಯ ಕಾಯಿಲೆಯ ಬಗ್ಗೆ ಬರೆದಿರುತ್ತೀರಿ, ಸಹೋದ್ಯೋಗಿಯ ಸಾಲದ ಬಗ್ಗೆ, ಗೆಳತಿಯ ಮುರಿದ ಮದುವೆಯ ಬಗ್ಗೆ ಬರೆದಿರುತ್ತೀರಿ. ಅಲ್ಲಿಯವರೆಗೆ ನಿಮ್ಮ ಗುಪ್ತನಾಮ ಅವರಿಗೂ ಮರೆಯಾಗಿತ್ತು, ನೀವು ಯಾರೆಂದು ತಿಳಿದ ಕ್ಷಣ ಅವರು ಯಾರೆಂಬುದೂ ತಿಳಿದುಹೋಗುತ್ತದೆ. ಅವರನ್ನು ಕೇಳಿ, ಒಪ್ಪದವರ ಕುರಿತ ಪೋಸ್ಟ್‌ಗಳನ್ನು ತೆಗೆದು, ಹುಡುಕಾಟದ ಫಲಿತಾಂಶಗಳಲ್ಲಿ ಅವು ಕಾಣದಂತಾಗುವವರೆಗೆ ಕೆಲವು ವಾರ ಕಾದು, ಅನಂತರವೇ ಹೆಸರು ಹೇಳಿ.